ಮೈದಾನದಲ್ಲಿ ಯೇಸುವಿನ ಹೆಸರು: ಕ್ರೀಡಾಪಟುಗಳ ಕ್ರೈಸ್ತ ನಂಬಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಂದ್ಯ ಮುಗಿದ ಮೇಲೆ ಗೆದ್ದವರ ಮುಂದೆ ಮೈಕ್ ಹಿಡಿಯುತ್ತಾರೆ. "ಮೊದಲು ಯೇಸುವಿಗೆ ಧನ್ಯವಾದ" ಎಂಬ ಮಾತು ಬರುತ್ತದೆ. ಕೇಳಿದವರಲ್ಲಿ ಕೆಲವರಿಗೆ ಕಣ್ಣು ತುಂಬುತ್ತದೆ, ಕೆಲವರಿಗೆ ಕಿರಿಕಿರಿ ಆಗುತ್ತದೆ. ಎರಡೂ ಕಡೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಆಟಗಾರರು ತಮ್ಮ ನಂಬಿಕೆ ಹೇಳಿಕೊಳ್ಳೋಕೆ ಜಾಗ ಇರಬೇಕು. ಆ ಜಾಗ ಎಲ್ಲ ಧರ್ಮದವರಿಗೂ ಒಂದೇ ಅಳತೆಯದಾಗಿರಬೇಕು. ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ನಾವು ಮಾತಾಡಬೇಕು.

ಹಣೆ, ಎದೆ, ಭುಜ ಮುಟ್ಟಿಕೊಳ್ಳುತ್ತಾರಲ್ಲ, ಅದೇನು?

ಅದು ಶಿಲುಬೆ ಗುರುತು. ಮೊದಲು ಹಣೆ, ಆಮೇಲೆ ಎದೆ, ಆಮೇಲೆ ಎರಡೂ ಭುಜ. ಕ್ಯಾಥೊಲಿಕರು ಎಡ ಭುಜದಿಂದ ಬಲಕ್ಕೆ ಹೋಗುತ್ತಾರೆ. ಆರ್ಥೊಡಾಕ್ಸ್ ಕ್ರೈಸ್ತರು ಬಲದಿಂದ ಎಡಕ್ಕೆ. ಉಸೇನ್ ಬೋಲ್ಟ್ ಕ್ಯಾಥೊಲಿಕ್, ಟೆನಿಸ್‌ನ ನೊವಾಕ್ ಜೊಕೊವಿಕ್ ಸರ್ಬಿಯನ್ ಆರ್ಥೊಡಾಕ್ಸ್. ಇಬ್ಬರ ಕೈ ಹೋಗುವ ದಿಕ್ಕನ್ನು ಗಮನಿಸಿ ನೋಡಿ, ವ್ಯತ್ಯಾಸ ಕಾಣುತ್ತದೆ.

ಪ್ರಾಟೆಸ್ಟೆಂಟರಲ್ಲಿ, ಅದರಲ್ಲೂ ಸುವಾರ್ತೆ ಸಾರುವುದಕ್ಕೆ ಒತ್ತು ಕೊಡುವ ಇವ್ಯಾಂಜೆಲಿಕಲ್ ಸಭೆಗಳಿಂದ ಬಂದವರಲ್ಲಿ, ಈ ಗುರುತು ಕಡಿಮೆ. ಅವರು ಮಂಡಿಯೂರುತ್ತಾರೆ, ಬೆರಳನ್ನು ಆಕಾಶದ ಕಡೆ ತೋರಿಸುತ್ತಾರೆ, ಇಲ್ಲವೇ ಬಾಯಿಬಿಟ್ಟು ಹೇಳುತ್ತಾರೆ. ಬಾಸ್ಕೆಟ್‌ಬಾಲ್‌ನ ಸ್ಟೀಫನ್ ಕರಿ ಎದೆ ತಟ್ಟಿಕೊಂಡು ಮೇಲೆ ಬೆರಳು ತೋರಿಸುವುದು ಎಲ್ಲರಿಗೂ ಪರಿಚಿತ.

ಇದೆಲ್ಲ ಟಿವಿ ಬಂದ ಮೇಲೆ ಶುರುವಾದ ಶೋಕಿ ಅಲ್ವಾ?

ಅಲ್ಲ. ಕ್ಯಾಮೆರಾ ಇಲ್ಲದ ಕಾಲದಲ್ಲೇ ಇತ್ತು. 1882ರಲ್ಲಿ ಇಂಗ್ಲೆಂಡ್ ತಂಡ ಓವಲ್‌ನಲ್ಲಿ ಆಸ್ಟ್ರೇಲಿಯಾಗೆ ಸೋತಿತಲ್ಲ, ಆ್ಯಷಸ್ ಹೆಸರು ಹುಟ್ಟಿದ್ದೇ ಆ ಸೋಲಿನಿಂದ. ಆ ತಂಡದಲ್ಲಿ ಸಿ.ಟಿ. ಸ್ಟಡ್ ಇದ್ದರು. ಕೆಲವೇ ವರ್ಷದಲ್ಲಿ ಕ್ರಿಕೆಟ್ ಬಿಟ್ಟು, 1885ರಲ್ಲಿ ಮಿಷನರಿಯಾಗಿ ಚೀನಾಕ್ಕೆ ಹೊರಟರು.

ಇವತ್ತು ನಾವು ನೋಡುವ ರೂಪ ಮಾತ್ರ ಅಮೆರಿಕದಲ್ಲಿ ಬೆಳೆದದ್ದು. ಫೆಲೋಶಿಪ್ ಆಫ್ ಕ್ರಿಶ್ಚಿಯನ್ ಅಥ್ಲೀಟ್ಸ್ ಸಂಸ್ಥೆ 1954ರಲ್ಲಿ ಶುರುವಾಯಿತು. 1977ರ ಅಕ್ಟೋಬರ್ 9ರಂದು ಅಮೆರಿಕನ್ ಫುಟ್‌ಬಾಲ್ ತಂಡ ಫಿಲಡೆಲ್ಫಿಯಾ ಈಗಲ್ಸ್‌ನ ಹರ್ಬ್ ಲಸ್ಕ್ 70 ಗಜ ಓಡಿ ಟಚ್‌ಡೌನ್ ಮಾಡಿದರು, ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸಿದರು. ಮಾಡಿದವರೇ ಎಂಡ್ ಝೋನ್‌ನಲ್ಲಿ ಮಂಡಿಯೂರಿ ತಲೆ ತಗ್ಗಿಸಿದರು. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹಾಗೆ ಮಾಡಿದ ಮೊದಲಿಗರು ಅವರೇ ಎಂದು ಹೇಳುತ್ತಾರೆ. ಲಸ್ಕ್ ಆಟದಲ್ಲಿ ಜಾಸ್ತಿ ದಿನ ಇರಲಿಲ್ಲ. ಅದೇ ಫಿಲಡೆಲ್ಫಿಯಾದಲ್ಲಿ ಪಾದ್ರಿಯಾಗಿ ಕೆಲಸ ಮಾಡಿದರು.

ಇನ್ನೊಂದು ದಿನವನ್ನೂ ಹೇಳಲೇಬೇಕು. 1990ರ ಡಿಸೆಂಬರ್ 3. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ ನ್ಯೂಯಾರ್ಕ್ ಜೈಂಟ್ಸ್ ಮೇಲೆ 7-3ರಲ್ಲಿ ಗೆದ್ದಿತು. ಬಿರುಸಿನ ಪಂದ್ಯ. ಮುಗಿದ ಮೇಲೆ ಎರಡೂ ತಂಡದ ಕೆಲವರು ಮೈದಾನದ ನಡುವೆ ಸೇರಿ, ಮಂಡಿಯೂರಿ ಪ್ರಾರ್ಥನೆ ಮಾಡಿದರು. ಈಗ ಎನ್‌ಎಫ್‌ಎಲ್ ಪಂದ್ಯಗಳ ಕೊನೆಯಲ್ಲಿ ಕಾಣುವ ಪ್ರಾರ್ಥನೆಯ ವೃತ್ತಕ್ಕೆ ಅದೇ ನಾಂದಿ. ನನಗೆ ಇದರಲ್ಲಿ ಹಿಡಿಸುವುದು ಒಂದೇ ವಿಷಯ: ಸೋತವರೂ ಗೆದ್ದವರೂ ಒಟ್ಟಿಗೇ ಮಂಡಿಯೂರುತ್ತಾರೆ.

ದೇವರು ಒಂದು ತಂಡದ ಕಡೆ ಇರ್ತಾನಾ?

ಈ ಪ್ರಶ್ನೆ ಬಂದಷ್ಟು ಬೇರೆ ಯಾವುದೂ ಬರುವುದಿಲ್ಲ. ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಎದುರಾಳಿ ತಂಡದಲ್ಲೂ ಅದೇ ದೇವರಿಗೆ ಕೈಮುಗಿಯುವವರು ಇರುತ್ತಾರೆ. ಹಾಗಿದ್ದ ಮೇಲೆ ಅವರ ಪ್ರಾರ್ಥನೆ ಏನಾಯಿತು?

ಆದರೆ ಆಟಗಾರರ ಮಾತನ್ನು ಗಮನವಿಟ್ಟು ಕೇಳಿದರೆ, "ದೇವರು ನಮ್ಮನ್ನು ಗೆಲ್ಲಿಸಿದ" ಎಂದು ಹೇಳುವವರಿಗಿಂತ "ಧನ್ಯವಾದ" ಎಂದು ಹೇಳುವವರೇ ಜಾಸ್ತಿ. ಎರಡೂ ಬೇರೆ ಬೇರೆ ಮಾತು. 2025ರ ಅಕ್ಟೋಬರ್ 30ರಂದು ಮಹಿಳಾ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜೆಮಿಮಾ ರಾಡ್ರಿಗಸ್ ಆಡಿದ್ದನ್ನು ನೆನಪಿಸಿಕೊಳ್ಳಿ. ಆಸ್ಟ್ರೇಲಿಯಾ ಎದುರು 339 ರನ್ ಬೆನ್ನಟ್ಟಬೇಕಿತ್ತು. ಜೆಮಿಮಾ ಔಟಾಗದೆ 127 ಹೊಡೆದರು, ಭಾರತ ಗೆದ್ದಿತು. ಆಮೇಲೆ ಅಳುತ್ತಲೇ ಯೇಸುವಿಗೆ ಧನ್ಯವಾದ ಹೇಳಿದರು. ತನ್ನೊಬ್ಬಳಿಂದ ಇದು ಆಗುತ್ತಿರಲಿಲ್ಲ ಎಂದರು. ಕೊನೆಯ ಓವರ್‌ಗಳಲ್ಲಿ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ, ಆಗ ಬೈಬಲಿನ ಒಂದು ವಚನವನ್ನು ಹೇಳಿಕೊಳ್ಳುತ್ತಿದ್ದೆ ಎಂದರು. ವಿಮೋಚನಕಾಂಡ 14ನೇ ಅಧ್ಯಾಯದ ಮಾತದು: ನೀವು ಸುಮ್ಮನೆ ನಿಂತಿರಿ, ದೇವರು ನಿಮ್ಮ ಪರವಾಗಿ ಹೋರಾಡುತ್ತಾನೆ.

ಅದೇ ಮಾತುಕತೆಯಲ್ಲಿ ಅವರು ಇನ್ನೂ ಒಂದು ವಿಷಯ ಹೇಳಿದರು. ಟೂರ್ನಿಯ ಉದ್ದಕ್ಕೂ ಆತಂಕ ಕಾಡುತ್ತಿತ್ತು, ಹೆಚ್ಚುಕಮ್ಮಿ ದಿನಾ ಅತ್ತಿದ್ದೇನೆ ಎಂದರು. ನಡುವೆ ಒಂದು ಪಂದ್ಯಕ್ಕೆ ಅವರನ್ನು ತಂಡದಿಂದ ಕೈಬಿಟ್ಟಿದ್ದರು. ಈ ಭಾಗವನ್ನೂ ಸೇರಿಸಿ ಕೇಳಿದಾಗ ಮಾತಿನ ತೂಕವೇ ಬೇರೆ. ಕುಗ್ಗಿಹೋಗಿದ್ದ ಹುಡುಗಿ ತನ್ನನ್ನು ಹಿಡಿದು ನಿಲ್ಲಿಸಿದ್ದು ಯಾವುದು ಎಂದು ಹೇಳುತ್ತಿದ್ದಾಳೆ. ಯೇಸುವಿನ ಹೆಸರು ಬಂದ ಒಂದು ತುಣುಕನ್ನಷ್ಟೇ ಕತ್ತರಿಸಿ ಹಂಚಿ, ಅದರ ಮೇಲೆ ಜಗಳ ಆಡಿದವರು ಅವಳಿಗೆ ಅನ್ಯಾಯ ಮಾಡಿದರು.

ಗೆದ್ದಾಗ ದೇವರ ಹೆಸರು ಹೇಳ್ತಾರೆ. ಸೋತಾಗ ಯಾಕೆ ಸುಮ್ನಿರ್ತಾರೆ?

ಸೋತವರ ಮುಂದೆ ಮೈಕ್ ಹಿಡಿಯುವವರೇ ಕಡಿಮೆ, ಅದೊಂದು ಕಾರಣ. ಹೇಳಿದವರೂ ಇದ್ದಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬೂಡಿಯಾ ಮತ್ತು ಸ್ಟೀಲ್ ಜಾನ್ಸನ್ ಜೋಡಿ 10 ಮೀಟರ್ ಸಿಂಕ್ರೊನೈಸ್ಡ್ ಡೈವಿಂಗ್‌ನಲ್ಲಿ ಬೆಳ್ಳಿ ಗೆದ್ದಿತು. ಚಿನ್ನ ತಪ್ಪಿದ ಹೊತ್ತಿನಲ್ಲೇ ಇಬ್ಬರೂ ಹೇಳಿದ್ದು, ನಾವು ಯಾರು ಅನ್ನೋದು ಪದಕದಿಂದ ಅಲ್ಲ, ಕ್ರಿಸ್ತನಿಂದ ನಿರ್ಧಾರ ಆಗುತ್ತದೆ ಎಂದು.

ಸಿಟ್ಟು ಮಾಡಿಕೊಂಡವರೂ ಇದ್ದಾರೆ. 2010ರ ನವೆಂಬರ್‌ನಲ್ಲಿ ಎನ್‌ಎಫ್‌ಎಲ್ ತಂಡ ಬಫಲೊ ಬಿಲ್ಸ್‌ನ ಸ್ಟೀವಿ ಜಾನ್ಸನ್ ಪಂದ್ಯ ಗೆಲ್ಲಿಸಬಹುದಾಗಿದ್ದ ಕ್ಯಾಚ್ ಕೈಬಿಟ್ಟರು. ಆಮೇಲೆ ಟ್ವಿಟರ್‌ನಲ್ಲಿ ನೇರ ದೇವರಿಗೇ ಬರೆದರು: ಹಗಲೂ ರಾತ್ರಿ ನಿನ್ನನ್ನು ಸ್ತುತಿಸುತ್ತೇನೆ, ನೀನು ನನಗೆ ಹೀಗಾ ಮಾಡೋದು? ತುಂಬ ಜನ ನಕ್ಕರು. ನನಗೆ ನಗು ಬರಲಿಲ್ಲ. ಬೈಬಲಿನ ಕೀರ್ತನೆಗಳಲ್ಲಿ ಇಂಥ ದೂರು ಬೇಕಾದಷ್ಟಿದೆ. ಗೆದ್ದ ದಿನದ ಧನ್ಯವಾದಕ್ಕಿಂತ ಈ ಜಗಳ ನಂಬಿಕೆಗೆ ಹತ್ತಿರದ್ದು ಎಂದೇ ನನ್ನ ಎಣಿಕೆ.

ಗಾಲ್ಫ್‌ನ ಸ್ಕಾಟಿ ಶೆಫ್ಲರ್ ಅವರದು ಇನ್ನೊಂದು ಥರ. 2025ರಲ್ಲಿ ದಿ ಓಪನ್ ಶುರುವಾಗುವ ಮುಂಚೆ ಪತ್ರಕರ್ತರ ಮುಂದೆ ಕೂತು, ಗೆಲುವಿನ ತೃಪ್ತಿ ಕೆಲವೇ ನಿಮಿಷ ಇರುತ್ತದೆ, ಅದು ಮನಸ್ಸಿನ ಆಳ ತುಂಬುವ ತೃಪ್ತಿ ಅಲ್ಲ ಎಂದರು. ಅದೇ ವಾರ ಆ ಟೂರ್ನಿಯನ್ನು ಗೆದ್ದರು. ಗೆಲುವು ಕೈಯಲ್ಲಿರುವಾಗಲೇ ಅದು ಸಾಲದು ಎನ್ನಲು ಧೈರ್ಯ ಬೇಕು.

3:16 ಅಂದರೆ ಏನು? ಟೀಬೋ ಕಥೆ ನಿಜಾನಾ?

ಯೋಹಾನ 3:16 ಬಹುಶಃ ಬೈಬಲಿನಲ್ಲೇ ಹೆಚ್ಚು ಜನಕ್ಕೆ ಗೊತ್ತಿರುವ ವಚನ. ದೇವರು ಲೋಕವನ್ನು ಎಷ್ಟು ಪ್ರೀತಿಸಿದನೆಂದರೆ ತನ್ನ ಒಬ್ಬನೇ ಮಗನನ್ನು ಕೊಟ್ಟನು ಎಂಬುದು ಅದರ ಸಾರ. ಅಮೆರಿಕನ್ ಫುಟ್‌ಬಾಲ್ ಆಡುವವರು ಬೆಳಕು ಕಣ್ಣಿಗೆ ಹೊಡೆಯದಿರಲಿ ಎಂದು ಕಣ್ಣಿನ ಕೆಳಗೆ ಕಪ್ಪು ಬಳಿದುಕೊಳ್ಳುತ್ತಾರೆ. 2009ರ ಜನವರಿ 8ರಂದು ಕಾಲೇಜು ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಫ್ಲೋರಿಡಾದ ಟಿಮ್ ಟೀಬೋ ಆ ಕಪ್ಪಿನ ಮೇಲೆ ಬಿಳಿ ಅಕ್ಷರದಲ್ಲಿ ಈ ವಚನದ ಸಂಖ್ಯೆ ಬರೆದುಕೊಂಡು ಆಡಿದರು. ಲಕ್ಷಾಂತರ ಜನ ಗೂಗಲ್‌ನಲ್ಲಿ ಅದೇನೆಂದು ಹುಡುಕಿದರು.

ಸರಿಯಾಗಿ ಮೂರು ವರ್ಷಕ್ಕೆ, 2012ರ ಜನವರಿ 8ರಂದು, ಟೀಬೋ ಡೆನ್ವರ್ ಬ್ರಾಂಕೋಸ್ ಪರ ಪಿಟ್ಸ್‌ಬರ್ಗ್ ಎದುರು ಪ್ಲೇಆಫ್ ಆಡಿದರು. ಚೆಂಡನ್ನು ಎಸೆದು ಪಾಸ್ ಮಾಡಿ ಗಳಿಸಿದ್ದು ಒಟ್ಟು 316 ಗಜ. ಇದು ದಾಖಲೆಯಲ್ಲಿ ಇರುವ ಅಂಕಿ, ಕಟ್ಟುಕಥೆ ಅಲ್ಲ. ಅದನ್ನು ಪವಾಡ ಅನ್ನಬೇಕಾ, ಕಾಕತಾಳೀಯ ಅನ್ನಬೇಕಾ ಎಂಬುದು ಅವರವರಿಗೆ ಬಿಟ್ಟಿದ್ದು. ನನ್ನ ಮಟ್ಟಿಗೆ, ಆ ವಚನದ ಅರ್ಥಕ್ಕೆ ಗಜದ ಲೆಕ್ಕದ ಆಸರೆ ಬೇಕಾಗಿಲ್ಲ.

ಕಣ್ಣಿನ ಕೆಳಗೆ ಹೀಗೆ ಬರೆದುಕೊಳ್ಳುವುದನ್ನು ಕಾಲೇಜು ಕ್ರೀಡೆಯಲ್ಲಿ 2010ರಿಂದ ನಿಲ್ಲಿಸಿದರು.

ಎಷ್ಟೊಂದು ಜನ ಫಿಲಿಪ್ಪಿ 4:13 ಬರೆದುಕೊಳ್ಳುತ್ತಾರೆ. ಅದು ಗೆಲ್ಲುವ ಮಂತ್ರವಾ?

ಖಂಡಿತ ಅಲ್ಲ, ಮತ್ತು ಈ ಗೊಂದಲ ಬಿಡಿಸುವುದು ಮುಖ್ಯ. "ನನ್ನನ್ನು ಬಲಪಡಿಸುವವನಿಂದ ನಾನು ಎಲ್ಲವನ್ನೂ ಮಾಡಬಲ್ಲೆ" ಎಂಬ ಅರ್ಥದ ಮಾತು ಅಲ್ಲಿದೆ. ಸ್ಟೀಫನ್ ಕರಿ ಅವರ ಶೂಗಳ ಮೇಲೆ ಇದೇ 4:13 ಕಾಣಿಸಿಕೊಂಡಿದೆ. ಒಂದೇ ಸಾಲು ಓದಿದರೆ, ಎಷ್ಟು ಪಾಯಿಂಟ್ ಬೇಕಾದರೂ ಹೊಡೆಯಬಹುದು ಎಂಬ ಭರವಸೆಯಂತೆ ಕೇಳಿಸುತ್ತದೆ.

ಹಿಂದಿನ ಸಾಲನ್ನೂ ಓದಿ. ಫಿಲಿಪ್ಪಿ ಎಂಬುದು ಬೈಬಲಿನಲ್ಲಿರುವ ಒಂದು ಪತ್ರ, ಯೇಸುವಿನ ಅಪೊಸ್ತಲ ಪೌಲ ಅದನ್ನು ಬರೆದದ್ದು ಸೆರೆಮನೆಯಿಂದ. ಹೊಟ್ಟೆ ತುಂಬಿದ್ದೂ ಗೊತ್ತು, ಹಸಿದಿದ್ದೂ ಗೊತ್ತು, ಸಮೃದ್ಧಿ ಬಂದರೂ ಕೊರತೆ ಬಂದರೂ ತೃಪ್ತನಾಗಿರೋದನ್ನು ಕಲಿತಿದ್ದೇನೆ ಎಂದು ಹೇಳಿ, ಆಮೇಲೆ ಈ ಮಾತು ಹೇಳುತ್ತಾನೆ. ಅಂದರೆ ಎಲ್ಲವನ್ನೂ ಗೆಲ್ಲಬಲ್ಲೆ ಅಂತಲ್ಲ, ಎಲ್ಲವನ್ನೂ ತಾಳಿಕೊಳ್ಳಬಲ್ಲೆ ಅಂತ. ಗಾಯವಾಗಿ ಬೆಂಚಿನಲ್ಲಿ ಕೂತ ಆಟಗಾರರಿಗೆ ಈ ವಚನ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಭಾನುವಾರ ಆಡಲ್ಲ ಎಂದವರ ಬಗ್ಗೆ ಹೇಳ್ತೀರಾ?

ಎರಿಕ್ ಲಿಡೆಲ್ ಅವರಿಂದಲೇ ಶುರು ಮಾಡಬೇಕು. ಸ್ಕಾಟ್ಲೆಂಡಿನ ಮಿಷನರಿ ದಂಪತಿಯ ಮಗ, ಹುಟ್ಟಿದ್ದು ಚೀನಾದಲ್ಲಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ (ಮೊದಲ ಸುತ್ತು) ಭಾನುವಾರ ಬಿತ್ತು. ಭಾನುವಾರ ಕರ್ತನ ದಿನ, ಓಡಲ್ಲ ಎಂದರು. ಅದರ ಬದಲು 400 ಮೀಟರ್‌ಗೆ ತಯಾರಿ ಮಾಡಿಕೊಂಡರು. ಫೈನಲ್ ದಿನ ತಂಡದ ಮಸಾಜ್ ಮಾಡುವವರೊಬ್ಬರು ಅವರ ಕೈಗೆ ಒಂದು ಚೀಟಿ ಕೊಟ್ಟಿದ್ದರು. ನನ್ನನ್ನು ಸನ್ಮಾನಿಸುವವರನ್ನು ನಾನೂ ಸನ್ಮಾನಿಸುವೆನು ಎಂಬ ಬೈಬಲ್ ಮಾತು ಅದರಲ್ಲಿತ್ತು. ಲಿಡೆಲ್ 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು.

ಇಲ್ಲಿಗೆ ಕಥೆ ನಿಲ್ಲಿಸುವವರೇ ಜಾಸ್ತಿ. ಮುಂದಿನದು ಇನ್ನೂ ದೊಡ್ಡದು. ಲಿಡೆಲ್ ಮಿಷನರಿಯಾಗಿ ಚೀನಾಕ್ಕೆ ಹೋದರು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆ ಅವರನ್ನು ವೈಹ್ಸಿಯೆನ್ ಶಿಬಿರದಲ್ಲಿ ಕೂಡಿಹಾಕಿತು. ಅಲ್ಲಿದ್ದ ಮಕ್ಕಳಿಗೆ ಪಾಠ ಹೇಳಿದರು, ಆಟ ಆಡಿಸಿದರು. ಭಾನುವಾರ ಹುಡುಗರು ಹಾಕಿ ಆಡುತ್ತಾ ಹೊಡೆದಾಡಿಕೊಂಡಾಗ, ಜಗಳ ಆಗದಿರಲಿ ಎಂದು ತಾವೇ ರೆಫರಿಯಾಗಿ ನಿಂತರಂತೆ. ಒಲಿಂಪಿಕ್ ಚಿನ್ನಕ್ಕಾಗಿ ಬಿಟ್ಟುಕೊಡದ ಭಾನುವಾರವನ್ನು ಬೇಸತ್ತ ಮಕ್ಕಳಿಗಾಗಿ ಬಿಟ್ಟುಕೊಟ್ಟರು. ಯುದ್ಧ ಮುಗಿಯುವ ಕೆಲ ತಿಂಗಳ ಮುಂಚೆ, 1945ರ ಫೆಬ್ರವರಿಯಲ್ಲಿ, ಮೆದುಳಿನ ಗೆಡ್ಡೆಯಿಂದ ಆ ಶಿಬಿರದಲ್ಲೇ ತೀರಿಕೊಂಡರು.

ನ್ಯೂಜಿಲೆಂಡ್ ರಗ್ಬಿ ಆಟಗಾರ ಮೈಕಲ್ ಜೋನ್ಸ್ ಕೂಡ ಭಾನುವಾರ ಆಡುತ್ತಿರಲಿಲ್ಲ. 1987 ಮತ್ತು 1991ರ ವಿಶ್ವಕಪ್ ಸೆಮಿಫೈನಲ್‌ಗಳು ಅವರಿಗೆ ತಪ್ಪಿಹೋದವು. 1995ರಲ್ಲಿ ತಂಡಕ್ಕೆ ಆಯ್ಕೆಯೇ ಆಗಲಿಲ್ಲ.

ನಿಯಮ ಏನು ಹೇಳುತ್ತದೆ? ಜೆರ್ಸಿ ಎತ್ತಿ ತೋರಿಸಿದರೆ ಕಾರ್ಡ್ ಕೊಡ್ತಾರಾ?

ಫುಟ್‌ಬಾಲ್‌ನಲ್ಲಿ ಎರಡು ನಿಯಮ ಬೇರೆ ಬೇರೆ ಇವೆ, ಜನ ಬೆರೆಸಿಬಿಡುತ್ತಾರೆ. ಗೋಲ್ ಹೊಡೆದ ಖುಷಿಗೆ ಜೆರ್ಸಿ ಬಿಚ್ಚಿದರೆ ಅಥವಾ ಅದರಿಂದ ತಲೆ ಮುಚ್ಚಿಕೊಂಡರೆ ಹಳದಿ ಕಾರ್ಡ್. ಒಳಗೆ ಏನು ಬರೆದಿದೆ ಅನ್ನೋದು ಲೆಕ್ಕಕ್ಕಿಲ್ಲ. ಬಟ್ಟೆ ಮೇಲೆ ರಾಜಕೀಯ, ಧಾರ್ಮಿಕ ಅಥವಾ ವೈಯಕ್ತಿಕ ಘೋಷಣೆ ಇರಬಾರದು ಎಂಬುದು ಇನ್ನೊಂದು ನಿಯಮ. ಅದಕ್ಕೆ ಶಿಕ್ಷೆ ಕೊಡುವುದು ಟೂರ್ನಿಯ ಸಂಘಟಕರು, ಆ ದೇಶದ ಸಂಸ್ಥೆ ಅಥವಾ ಫಿಫಾ. ಕುತ್ತಿಗೆಯಲ್ಲಿ ಶಿಲುಬೆ ಸರವೂ ಇರುವಂತಿಲ್ಲ, ಆದರೆ ಅದು ಧರ್ಮದ ವಿಷಯ ಅಲ್ಲ. ಗಾಯ ಆಗಬಾರದು ಎಂದು ಎಲ್ಲ ಆಭರಣಕ್ಕೂ ನಿಷೇಧ ಇದೆ. ಶಿಲುಬೆ ಗುರುತು ಮಾಡಿಕೊಳ್ಳಲು, ಮಂಡಿಯೂರಲು ಅಡ್ಡಿ ಇಲ್ಲ.

2007ರ ಚಾಂಪಿಯನ್ಸ್ ಲೀಗ್ ಫೈನಲ್ ಗೆದ್ದ ಮೇಲೆ ಮಿಲಾನ್‌ನ ಕಾಕಾ "ನಾನು ಯೇಸುವಿಗೆ ಸೇರಿದವನು" ಎಂಬ ಬರಹದ ಬಿಳಿ ಅಂಗಿಯಲ್ಲಿ ಮಂಡಿಯೂರಿದ ಫೋಟೊ ಜಗತ್ತೆಲ್ಲ ಸುತ್ತಿತು. 2009ರಲ್ಲಿ ಬ್ರೆಜಿಲ್ ಕಾನ್ಫೆಡರೇಷನ್ಸ್ ಕಪ್ ಗೆದ್ದು ಮೈದಾನದಲ್ಲಿ ಒಟ್ಟಾಗಿ ಪ್ರಾರ್ಥಿಸಿದಾಗ ಡೆನ್ಮಾರ್ಕ್ ಫುಟ್‌ಬಾಲ್ ಸಂಸ್ಥೆಯಿಂದ ತಕರಾರು ಬಂತು. ಫಿಫಾ ಬ್ರೆಜಿಲ್‌ಗೆ ನಿಯಮವನ್ನು ನೆನಪಿಸಿತು.

ಒಲಿಂಪಿಕ್ಸ್‌ನಲ್ಲಿ ಇನ್ನೂ ಬಿಗಿ. ಅಲ್ಲಿನ 50ನೇ ನಿಯಮ ಕ್ರೀಡಾಂಗಣದಲ್ಲಿ ರಾಜಕೀಯ, ಧಾರ್ಮಿಕ, ಜನಾಂಗೀಯ ಪ್ರಚಾರಕ್ಕೆ ಅವಕಾಶ ಕೊಡುವುದಿಲ್ಲ. 2024ರಲ್ಲಿ ಬ್ರೆಜಿಲ್‌ನ ಸರ್ಫರ್ ಜೊವಾಂವ್ ಶಿಯಾಂಕಾಗೆ ಕ್ರಿಸ್ತನ ಪ್ರತಿಮೆಯ ಚಿತ್ರವಿದ್ದ ಸರ್ಫ್‌ಬೋರ್ಡ್ ಬಳಸಲು ಬಿಡಲಿಲ್ಲ. ಅದೇ ಕೂಟದಲ್ಲಿ 16 ವರ್ಷದ ಸ್ಕೇಟ್‌ಬೋರ್ಡ್ ಹುಡುಗಿ ರೈಸಾ ಲೆಯಾಲ್ ಕ್ಯಾಮೆರಾ ಮುಂದೆ ಸನ್ನೆ ಭಾಷೆಯಲ್ಲಿ ಯೇಸುವೇ ಮಾರ್ಗ, ಸತ್ಯ, ಜೀವ ಎಂದು ಹೇಳಿ, ಕಂಚು ಗೆದ್ದಳು. ನಿಯಮ ಮುರಿದಳಾ ಎಂಬ ಚರ್ಚೆ ಎದ್ದಿತು. ಹುಡುಗಿಯೊಬ್ಬಳ ಕೈಸನ್ನೆಯನ್ನು ಪ್ರಚಾರ ಅನ್ನುವುದು ನನಗೆ ಅತಿ ಅನ್ನಿಸುತ್ತದೆ.

ಕ್ರಿಕೆಟ್‌ನಲ್ಲೂ ಬಟ್ಟೆ, ಬ್ಯಾಟ್, ಶೂ ಮೇಲೆ ಧಾರ್ಮಿಕ ಸಂದೇಶಕ್ಕೆ ಐಸಿಸಿ ಒಪ್ಪಿಗೆ ಕೊಡುವುದಿಲ್ಲ. ಪಂದ್ಯದ ನಂತರದ ಮಾತಿಗೆ ಅಡ್ಡಿ ಇಲ್ಲ.

ಬೇರೆ ಧರ್ಮದವರಿಗೂ ಇಷ್ಟೇ ಸಲೀಸಾ?

ಯಾವಾಗಲೂ ಅಲ್ಲ. 2014ರಲ್ಲಿ ಎನ್‌ಎಫ್‌ಎಲ್‌ನ ಕ್ಯಾನ್ಸಸ್ ಸಿಟಿ ತಂಡದ ಹುಸೇನ್ ಅಬ್ದುಲ್ಲಾ ಟಚ್‌ಡೌನ್ ಮಾಡಿ, ಹಣೆ ನೆಲಕ್ಕೆ ಮುಟ್ಟಿಸಿ ಸಜ್ದಾ ಮಾಡಿ ಅಲ್ಲಾಹನಿಗೆ ಕೃತಜ್ಞತೆ ಹೇಳಿದರು. ರೆಫರಿಗಳು ದಂಡ ಹಾಕಿದರು. ಅದೇ ಲೀಗ್‌ನಲ್ಲಿ ಟೀಬೋ ಮಂಡಿಯೂರಿದ್ದಕ್ಕೆ ದಂಡ ಬಿದ್ದಿರಲಿಲ್ಲ. ಮರುದಿನ ಲೀಗ್ ತನ್ನ ತಪ್ಪು ಒಪ್ಪಿಕೊಂಡಿತು, ಪ್ರಾರ್ಥನೆಗೆ ದಂಡ ಇಲ್ಲ ಎಂದಿತು. ಟೀಬೋಗಾಗಿ ದನಿ ಎತ್ತಿದ ಕ್ರೈಸ್ತರು ಅಬ್ದುಲ್ಲಾಗಾಗಿಯೂ ಅಷ್ಟೇ ದನಿ ಎತ್ತಬೇಕು. ಇದರಲ್ಲಿ ರಾಜಿಯ ಮಾತೇ ಇಲ್ಲ.

2024ರ ನವೆಂಬರ್ ಕೊನೆಯಲ್ಲಿ ಪ್ರೀಮಿಯರ್ ಲೀಗ್ ನಾಯಕರಿಗೆ ಎಲ್‌ಜಿಬಿಟಿ ಸಮುದಾಯದ ಬೆಂಬಲಕ್ಕೆ ಕಾಮನಬಿಲ್ಲಿನ ಬಣ್ಣದ ತೋಳಪಟ್ಟಿ ಕೊಟ್ಟಿದ್ದರು. ಕ್ರಿಸ್ಟಲ್ ಪ್ಯಾಲೇಸ್‌ನ ಮಾರ್ಕ್ ಗುಯೇಹಿ ಅದನ್ನು ಕಟ್ಟಿಕೊಂಡು, ಅದರ ಮೇಲೆ ಯೇಸುವನ್ನು ಪ್ರೀತಿಸುತ್ತೇನೆ ಎಂದು ಬರೆದರು. ಮುಂದಿನ ಪಂದ್ಯದಲ್ಲಿ ಯೇಸು ನಿಮ್ಮನ್ನು ಪ್ರೀತಿಸುತ್ತಾನೆ ಎಂದು ಬರೆದರು. ಇಪ್ಸ್‌ವಿಚ್‌ನ ಸ್ಯಾಮ್ ಮೊರ್ಸಿ ಮುಸ್ಲಿಂ, ತಮ್ಮ ಧರ್ಮದ ಕಾರಣಕ್ಕೆ ಪಟ್ಟಿಯನ್ನೇ ಕಟ್ಟಲಿಲ್ಲ. ಗುಯೇಹಿಗೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನಿಯಮ ನೆನಪಿಸಿತು, ಶಿಕ್ಷೆ ಕೊಡಲಿಲ್ಲ. ಮೊರ್ಸಿ ಮೇಲೂ ಕ್ರಮ ಆಗಲಿಲ್ಲ.

ನಂಬಿಕೆ ಹೇಳಿದ್ದಕ್ಕೆ ಕೆಲಸ ಕಳೆದುಕೊಂಡವರು ಇದ್ದಾರಾ?

ಆಸ್ಟ್ರೇಲಿಯಾದ ರಗ್ಬಿ ಆಟಗಾರ ಇಸ್ರೇಲ್ ಫೊಲಾವ್ ಪ್ರಕರಣ ಹೆಚ್ಚು ಸುದ್ದಿಯಾಯಿತು. 2019ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಕುಡುಕರು, ಸಲಿಂಗಿಗಳು, ವ್ಯಭಿಚಾರಿಗಳು ಮುಂತಾದವರಿಗೆ ನರಕ ಕಾದಿದೆ ಎಂಬ ಪೋಸ್ಟ್ ಹಾಕಿದರು. ಆಸ್ಟ್ರೇಲಿಯಾದ ರಗ್ಬಿ ಸಂಸ್ಥೆ ಮುಂದಿನ ತಿಂಗಳು ಗುತ್ತಿಗೆ ರದ್ದು ಮಾಡಿತು. ಡಿಸೆಂಬರ್‌ನಲ್ಲಿ ರಾಜಿಯಾಯಿತು. ತನ್ನ ನಂಬಿಕೆ ಹೇಳುವುದು ಬೇರೆ, ಇನ್ನೊಬ್ಬರಿಗೆ ನರಕದ ಶಾಪ ಹಾಕುವುದು ಬೇರೆ. ಎರಡನ್ನೂ ಒಂದೇ ಹಕ್ಕಿನ ಹೆಸರಲ್ಲಿ ಸೇರಿಸಿದರೆ ಸುಮ್ಮನೆ ಪ್ರಾರ್ಥಿಸುವ ಆಟಗಾರರಿಗೇ ತೊಂದರೆ.

ಗುಟ್ಟಾಗಿ ಪ್ರಾರ್ಥಿಸು ಎಂದು ಯೇಸುವೇ ಹೇಳಿಲ್ವಾ?

ಹೇಳಿದ್ದಾನೆ. ಮತ್ತಾಯ 6ನೇ ಅಧ್ಯಾಯದಲ್ಲಿ, ಜನ ನೋಡಲಿ ಎಂದು ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸಬೇಡ, ಕೋಣೆಗೆ ಹೋಗಿ ಬಾಗಿಲು ಹಾಕಿಕೋ ಎನ್ನುತ್ತಾನೆ. ಅದಕ್ಕೆ ಒಂದು ಅಧ್ಯಾಯ ಮೊದಲು, ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಎಂದೂ ಹೇಳಿದ್ದಾನೆ. ಕ್ರೈಸ್ತರೊಳಗೇ ಈ ಬಗ್ಗೆ ಚರ್ಚೆ ಇದೆ, ಇರಬೇಕಾದ್ದೇ.

ಈ ಒತ್ತಡವನ್ನು ಬಿಚ್ಚಿ ಹೇಳಿದವರು ರೆಜಿ ವೈಟ್. ಎನ್‌ಎಫ್‌ಎಲ್‌ನ ದೊಡ್ಡ ಹೆಸರು, ದೀಕ್ಷೆ ಪಡೆದ ಪಾದ್ರಿ ಕೂಡ. ಆಟ ಬಿಟ್ಟ ಮೇಲೆ ಅವರು ಹೇಳಿದ್ದು, ಚರ್ಚುಗಳು ನನ್ನನ್ನು ಮಾತಾಡಲು ಕರೆದದ್ದು ನಾನು ಫುಟ್‌ಬಾಲ್ ಆಡುತ್ತಿದ್ದೆ ಎಂಬ ಕಾರಣಕ್ಕೆ, ನನ್ನ ಭಕ್ತಿ ನೋಡಿ ಅಲ್ಲ ಎಂದು. ಆಟಗಾರರ ಭಕ್ತಿಯನ್ನು ಜಾಹೀರಾತು ಮಾಡಿಕೊಳ್ಳುವ ಸಭೆಗಳು ಈ ಮಾತನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಒಂದು ಕಾಲಕ್ಕೆ ಸಾರಿ ಹೇಳಿ, ಆಮೇಲೆ ನಂಬಿಕೆ ಬಿಟ್ಟವರು?

ಬ್ರಿಟನ್‌ನ ಟ್ರಿಪಲ್ ಜಂಪ್ ಪಟು ಜೊನಾಥನ್ ಎಡ್ವರ್ಡ್ಸ್ ಇದ್ದಾರೆ. ಭಾನುವಾರ ಸ್ಪರ್ಧಿಸಲ್ಲ ಎಂದು 1991ರ ವಿಶ್ವ ಚಾಂಪಿಯನ್‌ಷಿಪ್ ಬಿಟ್ಟರು. 1993ರಲ್ಲಿ ಮನಸ್ಸು ಬದಲಿಸಿದರು. 1995ರಲ್ಲಿ 18.29 ಮೀಟರ್ ಹಾರಿ ವಿಶ್ವದಾಖಲೆ ಬರೆದರು. ನಿವೃತ್ತಿಯಾದ ಮೇಲೆ, ತನಗೆ ಈಗ ನಂಬಿಕೆ ಉಳಿದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಹೇಳಿಕೊಂಡಷ್ಟೇ ಪ್ರಾಮಾಣಿಕವಾಗಿ ಬಿಟ್ಟದ್ದನ್ನೂ ಹೇಳಿದರು. ಅದಕ್ಕೂ ಗೌರವ ಸಿಗಬೇಕು.

ತಂಡದ ಪ್ರಾರ್ಥನೆಗೆ ಸೇರದಿದ್ದರೆ ಜಾಗ ಹೋಗುತ್ತಾ ಎಂಬ ಭಯ ಇರುತ್ತಲ್ಲ?

ಇರುತ್ತದೆ. ಕೋಚ್ ಮುಂದೆ ನಿಂತು ಪ್ರಾರ್ಥಿಸಿದರೆ ಚಿಕ್ಕ ಆಟಗಾರರು ಬೇಡ ಅನ್ನುವುದು ಕಷ್ಟ. ಪಂದ್ಯದ ನಂತರ ಮೈದಾನದಲ್ಲಿ ಪ್ರಾರ್ಥಿಸುತ್ತಿದ್ದ, ಅಮೆರಿಕದ ಬ್ರೆಮರ್ಟನ್ ಊರಿನ ಸರ್ಕಾರಿ ಶಾಲೆಯ ಕೋಚ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ 6-3ರ ಬಹುಮತದಿಂದ ಕೋಚ್ ಪರ ತೀರ್ಪು ಕೊಟ್ಟಿತು. ಭಿನ್ನಮತದ ನ್ಯಾಯಮೂರ್ತಿಗಳು ಎತ್ತಿದ್ದು ಇದೇ ಮಕ್ಕಳ ಮೇಲಿನ ಒತ್ತಡದ ಪ್ರಶ್ನೆ. ಆಟಗಾರರೇ ಸೇರಿ ಪ್ರಾರ್ಥಿಸಲಿ, ಆಯ್ಕೆ ಮಾಡುವವರು ದೂರ ಇರಲಿ ಎಂಬುದು ನನ್ನ ಅಭಿಪ್ರಾಯ.

ಸನ್ನೆ, ಘೋಷಣೆ ಬಿಟ್ಟು ಬೇರೆ ಥರ ತೋರಿಸಿದವರು ಯಾರಾದರೂ?

ಮಾಯಾ ಮೂರ್. ಅಮೆರಿಕದ ಮಹಿಳಾ ಬಾಸ್ಕೆಟ್‌ಬಾಲ್‌ನ ಮುಂಚೂಣಿ ಆಟಗಾರ್ತಿ. 2019ರಲ್ಲಿ, ಇನ್ನೂ ಒಳ್ಳೆಯ ಫಾರ್ಮ್‌ನಲ್ಲಿ ಇರುವಾಗಲೇ, ಆಟ ನಿಲ್ಲಿಸಿದರು. ಜೊನಾಥನ್ ಐರನ್ಸ್ ಎಂಬ ಕಪ್ಪು ವರ್ಣದ ವ್ಯಕ್ತಿ ಮಾಡದ ತಪ್ಪಿಗೆ ಮಿಸೌರಿಯ ಜೈಲಿನಲ್ಲಿದ್ದಾರೆ ಎಂದು ಅವರು ನಂಬಿದ್ದರು. ತಮ್ಮ ಕ್ರೈಸ್ತ ನಂಬಿಕೆಯೇ ಈ ಕೆಲಸಕ್ಕೆ ಕರೆದಿದೆ ಎಂದು ಹೇಳಿಕೊಂಡೇ ಅವರ ಬಿಡುಗಡೆಗೆ ದುಡಿದರು. ನ್ಯಾಯಾಲಯ ಶಿಕ್ಷೆ ರದ್ದು ಮಾಡಿತು. 2020ರ ಜುಲೈ 1ರಂದು ಐರನ್ಸ್ ಹೊರಗೆ ಬಂದರು. ಮೂರ್ ಮತ್ತೆ ಲೀಗ್‌ಗೆ ಮರಳಲಿಲ್ಲ.